ಸುನಂದಾಳ ಎರಡನೆಯ ರಿಪೋರ್ಟ್

ನನ್ನ ಜಾಗಕ್ಕೆ ಬಂದಿರುವ ಹುಡುಗಿ ಹೋದ ತಿಂಗಳು ಫೋನ್ ಮಾಡಿದ್ದಳು. ಒಬ್ಬರ ಹರ್ಪಿಸ್ ರಿಪೋರ್ಟ್ ಬಂದಿದೆ, ನಂಬರು ಇತ್ತಲೂ ಇಲ್ಲ ಅತ್ತಲೂ ಇಲ್ಲ, ಆ ಮನುಷ್ಯ ರಿಪೋರ್ಟ್ ಕೊಡುವ ಕಿಟಕಿಯ ಹೊರಗೆ ನಿಂತು ಏನಾಯಿತು ಎಂದು ಕೇಳುತ್ತಿದ್ದಾನೆ, ಏನು ಹೇಳಲಿ ಮೇಡಂ ಎಂದು ಪಿಸುದನಿಯಲ್ಲಿ ಕೇಳಿದಳು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಕೂರಿಸು, ನೀನಾಗಿ ಒಂದು ಮಾತೂ ಆಡಬೇಡ ಎಂದೆ. ಫೋನಿನಲ್ಲಿ ಅಷ್ಟೇ ಹೇಳಲು ಸಾಧ್ಯವಾಯಿತು. ಯಾಕೆ ಹಾಗೆ ಹೇಳಿದೆ ಎನ್ನುವುದನ್ನು ಅವಳಿಗೂ, ಅವಳಂತೆ ಈಗಷ್ಟೇ ಲ್ಯಾಬಿಗೆ ಕಾಲಿಡುತ್ತಿರುವವರಿಗೂ ಬರೆದು ತಿಳಿಸೋಣ ಎಂದು ಕೂತಿದ್ದೇನೆ.

ವಿರಾಜಪೇಟೆಯ ಒಂದು ನರ್ಸಿಂಗ್ ಹೋಮಿನಲ್ಲಿ ಮೂವತ್ತಮೂರು ವರ್ಷ ಲ್ಯಾಬ್ ಟೆಕ್ನೀಷಿಯನ್ ಆಗಿದ್ದೆ. ಬಡ್ತಿಯ ವಿಷಯ ಬರೆಯಲು ಏನೂ ಇಲ್ಲ; ಸೇರಿದಾಗ ಕೂತ ಸ್ಟೂಲಿನಿಂದಲೇ ಎದ್ದು ಮನೆಗೆ ಬಂದೆ. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆದರೆ ಸ್ಪಿರಿಟ್ಟಿನ ವಾಸನೆ, ಬೆಂಚಿನ ಮೇಲೆ ಖಾಲಿ ಹೊಟ್ಟೆಯಲ್ಲಿ ಬಂದು ಕೂತ ಹತ್ತು ಜನ, ರಕ್ತ ಬೇರ್ಪಡಿಸುವ ಸೆಂಟ್ರಿಫ್ಯೂಜ್ ತಿರುಗತೊಡಗಿದಾಗ ಮೇಜಿನ ಮೇಲೆ ಹಬ್ಬುವ ಸಣ್ಣ ನಡುಕ. ಮನೆಯಲ್ಲಿ ಈಗ ಅಂಥದ್ದೇನೂ ಇಲ್ಲ. ಬಸ್ಸಿನಲ್ಲಿ ಪಕ್ಕದವರು ಕಂಬಿ ಹಿಡಿದುಕೊಂಡರೆ ಅವರ ಮೊಣಕೈಯ ಒಳಬದಿಯಲ್ಲಿ ರಕ್ತನಾಳ ಎಲ್ಲಿದೆ ಎಂದು ಕಣ್ಣು ತಾನಾಗಿಯೇ ಹುಡುಕುತ್ತದೆ. ಎಸ್ಟೇಟಿನ ಕೂಲಿ ಲೈನುಗಳಿಂದ ಬರುತ್ತಿದ್ದ ಹೆಂಗಸರ ಕೈಗಳಲ್ಲಿ ಅದು ಹಗ್ಗದಂತೆ ಎದ್ದು ನಿಂತಿರುತ್ತಿತ್ತು. ಅಂಗಡಿಯವರ ದುಂಡಗಿನ ಕೈಗಳಲ್ಲಿ ಮುಟ್ಟಿ ಮುಟ್ಟಿ ಹುಡುಕಬೇಕಾಗುತ್ತಿತ್ತು.

ನಾನು ಸೇರಿದಾಗ ಹೆಚ್ಚಿನ ಕೆಲಸ ಮಲೇರಿಯಾ ಸ್ಲೈಡ್, ಕಫ, ಮೂತ್ರ. ಏನಿದ್ದರೂ ಕಣ್ಣಿನಲ್ಲಿ ನೋಡುವುದು. ಕಂಡರೆ ಇದೆ, ಕಾಣದಿದ್ದರೆ ಇನ್ನೊಮ್ಮೆ ನೋಡುವುದು. ಆಮೇಲೆ ಕಿಟ್‌ಗಳು ಬಂದವು, ಮೆಷಿನ್‌ಗಳು ಬಂದವು. ದೊಡ್ಡ ಪರೀಕ್ಷೆಗಳಿಗೆ ರಕ್ತದ ಸೀರಮ್ ಬೇರೆ ಮಾಡಿ, ಐಸ್ ಡಬ್ಬಿಯಲ್ಲಿಟ್ಟು ಮಧ್ಯಾಹ್ನದ ಬಸ್ಸಿಗೆ ಮೈಸೂರಿಗೆ ಕಳಿಸತೊಡಗಿದೆವು. ಎರಡು ಮೂರು ದಿನದಲ್ಲಿ ಉತ್ತರ ಕಂಪ್ಯೂಟರಿಗೆ ಬರುತ್ತಿತ್ತು. ಆ ಉತ್ತರದಲ್ಲಿ ಕಣ್ಣಿಗೆ ಕಾಣುವಂಥದ್ದು ಏನೂ ಇರುತ್ತಿರಲಿಲ್ಲ. ಒಂದು ನಂಬರು, ಪಕ್ಕದಲ್ಲಿ ಒಂದು ಶಬ್ದ.

ನಮ್ಮ ಲ್ಯಾಬಿನ ಹೊಣೆ ಡಾಕ್ಟರ್ ದೇಚಮ್ಮನವರದು. ನಾವು ಮೇಡಂ ಎನ್ನುತ್ತಿದ್ದೆವು. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಪ್ರತಿ ರಿಪೋರ್ಟನ್ನೂ ಎರಡು ಸಲ ಓದುತ್ತಿದ್ದರು. ಸೇರಿದ ಮೊದಲ ವರ್ಷ ಪೊನ್ನಮ್ಮ ಎಂಬ ಹೆಸರಿನ ಇಬ್ಬರು ಒಂದೇ ದಿನ ಬಂದಾಗ ನಾನು ಟ್ಯೂಬುಗಳನ್ನು ಅದಲು ಬದಲು ಮಾಡಿ, ಆರೋಗ್ಯವಾಗಿದ್ದ ಪೊನ್ನಮ್ಮನಿಗೆ ಸಕ್ಕರೆ ಕಾಯಿಲೆ ಬರೆದುಕೊಟ್ಟಿದ್ದೆ. ಮೇಡಂ ಬೈಯಲಿಲ್ಲ. ಇಬ್ಬರ ಮನೆಗೂ ನನ್ನನ್ನೇ ಕಳಿಸಿ ಕ್ಷಮೆ ಕೇಳಿಸಿ, ಮತ್ತೆ ರಕ್ತ ತೆಗೆಸಿದರು. ಅವರದು ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಎಚ್ಐವಿ, ಸಿಫಿಲಿಸ್, ಹರ್ಪಿಸ್, ಇಂಥ ರಿಪೋರ್ಟುಗಳನ್ನು ಕಿಟಕಿಯಲ್ಲಿ ಕೊಡುವಂತಿಲ್ಲ. ಅವು ಅವರ ಕೋಣೆಗೆ ಹೋಗಬೇಕು, ರೋಗಿಯೂ ಅಲ್ಲಿಗೇ ಹೋಗಬೇಕು. ಆ ನಿಯಮವನ್ನು ನಾನು ಮುರಿದದ್ದು ಒಂದೇ ಸಲ. ಅದೂ ಸುನಂದಾಳ ಮೇಲಿನ ಪ್ರೀತಿಯಿಂದ.

ಸುನಂದ ಟೈಲರ್. ಗಡಿಯಾರ ಕಂಬದ ಹತ್ತಿರದ ಗಲ್ಲಿಯಲ್ಲಿ ಒಂದು ಮೆಷಿನ್ ಹಿಡಿಯುವಷ್ಟು ಅಂಗಡಿ. ಹುಟ್ಟೂರು ಶನಿವಾರಸಂತೆ ಕಡೆ. ಗಂಡ ಮದುವೆಯಾದ ಐದನೇ ವರ್ಷಕ್ಕೆ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ನನ್ನ ರವಿಕೆಗಳನ್ನೆಲ್ಲ ಹೊಲಿಯುತ್ತಿದ್ದವಳು ಅವಳೇ. ಕೇರಳದ ಇರಿಟ್ಟಿಯಿಂದ ಘಾಟಿ ಹತ್ತಿ ಬರುವ ಬಸ್ಸಿನ ಡ್ರೈವರ್ ರಾಜನ್ ಎಂಬವರ ಜೊತೆ ಅವಳ ಪರಿಚಯ ಬೆಳೆದದ್ದು ಗಲ್ಲಿಯವರಿಗೆಲ್ಲ ಗೊತ್ತಿತ್ತು. ಯೂನಿಫಾರಂ ಹೊಲಿಸಲು ಬಂದವರು, ಅಂಗಿಯ ಗುಂಡಿ ಹೊಲಿಸಲೂ ಬರತೊಡಗಿದರು. ಅವರ ಹೆಂಡತಿ ಎಷ್ಟೋ ವರ್ಷದ ಹಿಂದೆಯೇ ಬಿಟ್ಟು ಹೋಗಿ ಕೋರ್ಟಿನಲ್ಲಿ ಬಿಡುಗಡೆಯಾಗಿತ್ತು. ಇಬ್ಬರೂ ರಿಜಿಸ್ಟರ್ ಮದುವೆ ಮಾಡಿಕೊಳ್ಳುವುದೆಂದು ನಿಶ್ಚಯಿಸಿದ್ದರು.

ಕಾಫಿ ಹೂವಿನ ಕಾಲದಲ್ಲಿ ಒಂದು ದಿನ ಸುನಂದ ಲ್ಯಾಬಿಗೆ ಬಂದಳು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು, ತೆಗೆಯಲು ಮರೆತಿದ್ದಳು. ಮೇಡಂ ಹತ್ತಿರ ಮಾತಾಡಿ ಚೀಟಿ ಬರೆಸಿಕೊಂಡು ಬಂದಿದ್ದಳು. ರಕ್ತ ತೆಗೆಯುವಾಗ ತಾನಾಗಿಯೇ ಹೇಳಿದಳು. ರಾಜನ್‌ಗೆ ಮೂರು ವರ್ಷದ ಹಿಂದೆ ಗುಪ್ತ ಜಾಗದಲ್ಲಿ ಗುಳ್ಳೆ ಎದ್ದಿತ್ತಂತೆ. ಕಣ್ಣೂರಿನ ಡಾಕ್ಟರೊಬ್ಬರು ಗುಳ್ಳೆಯ ನೀರು ತೆಗೆದು ಪರೀಕ್ಷೆ ಮಾಡಿಸಿ, ಇದು ಹರ್ಪಿಸ್ ಎರಡನೇ ಜಾತಿಯದು, ಹೋಗುವುದಿಲ್ಲ, ಆದರೆ ಜೀವಕ್ಕೆ ಅಪಾಯವಿಲ್ಲ ಎಂದಿದ್ದರಂತೆ. ಆ ಮಾತನ್ನು ರಾಜನ್ ಅವಳಿಗೆ ಹೇಳಿದ್ದು ಇಬ್ಬರೂ ಒಂದು ಸಲ ಜೊತೆಯಾದ ಮೇಲೆ. ಅದಾಗಿ ಮೂರು ವಾರವಾಗಿತ್ತು. ಅವಳಿಗೆ ಗುಳ್ಳೆಯೂ ಇರಲಿಲ್ಲ, ಉರಿಯೂ ಇರಲಿಲ್ಲ. ಭಯ ಮಾತ್ರ ಇತ್ತು.

ಇಷ್ಟು ಬೇಗ ರಕ್ತ ನೋಡಿ ಪ್ರಯೋಜನವಿಲ್ಲ ಎಂದು ಮೇಡಂ ಅವಳಿಗೆ ಹೇಳಿದ್ದರು. ಅವಳು ಕೇಳಲಿಲ್ಲ. ಕೊನೆಗೆ, ಈಗ ಒಂದು ಸಲ ನೋಡೋಣ, ಆಮೇಲೆ ಇನ್ನೊಂದು ಸಲ ನೋಡಲೇಬೇಕು ಎಂದು ಒಪ್ಪಿದ್ದರು.

ರಿಪೋರ್ಟ್ ಬಂದ ದಿನ ಮೇಡಂ ಊರಲ್ಲಿರಲಿಲ್ಲ. ಸಂಬಂಧಿಕರ ಮನೆಯ ಕಾರ್ಯಕ್ಕೆಂದು ಮಡಿಕೇರಿಗೆ ಹೋಗಿದ್ದರು, ಬರಲು ಎರಡು ದಿನವಿತ್ತು. ಮಧ್ಯಾಹ್ನ ಸುನಂದ ಕಿಟಕಿಯಲ್ಲಿ ನಿಂತಳು. ಅವಳ ಮುಖದಲ್ಲಿ ಮೂರು ದಿನದ ನಿದ್ದೆ ಬಾಕಿ ಇತ್ತು. ಎರಡು ದಿನ ಬಿಟ್ಟು ಬಾ ಎನ್ನಲು ನನಗೆ ಬಾಯಿ ಬರಲಿಲ್ಲ. ಕಾಗದದ ಮೇಲೆ ಏನೇನೋ ಇತ್ತು. ಐಜಿಎಂ ಎಂಬುದರ ಎದುರು ಪಾಸಿಟಿವ್. ಐಜಿಜಿ, ಎಂದರೆ ರೋಗ ತಗಲಿದವರ ರಕ್ತದಲ್ಲಿ ಉಳಿದುಬಿಡುವ ಗುರುತು, ಮೊದಲನೇ ಜಾತಿಗೆ ದೊಡ್ಡ ನಂಬರು. ಎರಡನೇ ಜಾತಿಗೆ, ಇದೆ ಇಲ್ಲ ಎಂದು ಬೇರ್ಪಡಿಸುವ ಗೆರೆಯನ್ನು ಇಷ್ಟೇ ಇಷ್ಟು ದಾಟಿದ ಸಣ್ಣ ನಂಬರು, ಅದರ ಪಕ್ಕದಲ್ಲೂ ಅದೇ ಶಬ್ದ.

"ಐತಾ ಅಕ್ಕ?" ಎಂದಳು.

"ಪಾಸಿಟಿವ್ ಅಂತ ಬಂದಿದೆ ಸುನಂದ. ಮೇಡಂ ಬರ್ಲಿ, ಮಾತಾಡೋಣ," ಎಂದೆ.

ಎರಡನೇ ವಾಕ್ಯ ಅವಳ ಕಿವಿಗೆ ಬಿದ್ದಿರಲಾರದು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡು ಮೆಟ್ಟಿಲಿಳಿದು ಹೋದಳು.

ಮೇಡಂ ಬಂದು ಕಂಪ್ಯೂಟರಿನಲ್ಲಿ ರಿಪೋರ್ಟ್ ನೋಡಿದರು. ನಾನು ನಡೆದದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಗಿರಿಜಾ, ಅವಳು ಕೇಳಿದ್ದು ಅವಳ ಮೈ ವಿಷ್ಯ. ನೀನು ಹೇಳಿದ್ದು ಕಾಗದದ ವಿಷ್ಯ. ಎರಡೂ ಒಂದೇ ಅಂದ್ಕೊಂಡ್ಯಾ?"

ಅದೇ ಸಂಜೆ ಸುನಂದಾಳನ್ನು ಕರೆಸಿದರು. ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಅರ್ಧ ಗಂಟೆ ವಿವರಿಸಿದರು. ಆ ಅರ್ಧ ಗಂಟೆಯಲ್ಲಿ ಕಲಿತದ್ದನ್ನು ನಾನು ಯಾವ ತರಗತಿಯಲ್ಲೂ ಕಲಿತಿರಲಿಲ್ಲ. ಐಜಿಎಂ ಪಾಸಿಟಿವ್ ಎಂದರೆ ರೋಗ ಹೊಸದಾಗಿ ತಗಲಿದೆ ಎಂದು ಜನ ತಿಳಿಯುತ್ತಾರೆ. ಹರ್ಪಿಸ್‌ನಲ್ಲಿ ಆ ಮಾತನ್ನು ನಂಬುವಂತಿಲ್ಲ, ಹಳೆಯದಿದ್ದರೂ ಅದು ಏಳಬಹುದು, ಏನೂ ಇಲ್ಲದಿದ್ದರೂ ಏಳಬಹುದು. ಮೊದಲನೇ ಜಾತಿ ಎಂದರೆ ಜ್ವರ ಬಂದು ಬಿಟ್ಟಾಗ ತುಟಿಯ ಮೇಲೆ ಏಳುವ ಗುಳ್ಳೆ. ಚಿಕ್ಕಂದಿನಲ್ಲಿ ಅಮ್ಮನೋ ಅಜ್ಜಿಯೋ ಮುತ್ತು ಕೊಟ್ಟಾಗ ಬಂದಿರುತ್ತದೆ, ಎಷ್ಟೋ ಜನರಿಗೆ ಇದೆ. ಎರಡನೇ ಜಾತಿಯ ನಂಬರು ಗೆರೆಯ ಹತ್ತಿರವೇ ಇದ್ದರೆ ಅದು ನಿಜವೂ ಇರಬಹುದು, ಮೊದಲನೇ ಜಾತಿಯ ಗುರುತನ್ನೇ ಕಿಟ್ ತಪ್ಪಾಗಿ ಓದಿದ್ದೂ ಇರಬಹುದು. ನಿಜವಾಗಿ ತಗಲಿದ್ದರೆ ಮೂರು ತಿಂಗಳಲ್ಲಿ ನಂಬರು ಸಾಮಾನ್ಯವಾಗಿ ಮೇಲೇರುತ್ತದೆ. ಅಷ್ಟರಲ್ಲಿ ಗುಳ್ಳೆ ಎದ್ದರೆ ಒಣಗುವ ಮೊದಲೇ ಓಡಿ ಬರಬೇಕು, ಅದರ ನೀರು ರಕ್ತಕ್ಕಿಂತ ಸರಿಯಾಗಿ ಉತ್ತರ ಹೇಳುತ್ತದೆ. ಏಳದಿದ್ದರೆ ಕಾಯುವುದು.

ಇದ್ದರೂ ಬದುಕು ಮುಗಿಯುವುದಿಲ್ಲ ಎಂದೂ ಮೇಡಂ ಹೇಳಿದರು. ಗುಳ್ಳೆಗೆ ಮಾತ್ರೆ ಇದೆ, ಪದೇ ಪದೇ ಬರುವವರು ದಿನವೂ ತೆಗೆದುಕೊಳ್ಳಬಹುದು. ಗುಳ್ಳೆ ಇರುವಾಗ ದೂರವಿರಬೇಕು, ಇಲ್ಲದಾಗಲೂ ಕಾಂಡೋಮ್ ಬಳಸಬೇಕು. ಹೀಗೆ ಸಂಸಾರ ಮಾಡುತ್ತಿರುವವರು ಈ ಊರಲ್ಲೇ ಇದ್ದಾರೆ ಎಂದರು.

ಸುನಂದ ಎಲ್ಲವನ್ನೂ ಕೇಳಿಸಿಕೊಂಡಳು. ಮೂರು ತಿಂಗಳು ತಾನೇ, ಕಾಯುತ್ತೇನೆ ಎಂದಳು. ಆಮೇಲೆ ಗೊತ್ತಾಯಿತು, ನಾನು ಕಾಗದ ಕೊಟ್ಟ ದಿನವೇ ಅವಳು ರಾಜನ್‌ಗೆ ಇನ್ನು ಅಂಗಡಿಗೆ ಬರಬೇಡಿ ಎಂದು ಹೇಳಿಬಿಟ್ಟಿದ್ದಳು. ಮೇಡಂ ಕೊಟ್ಟ ವಿವರಣೆ ಆ ಮಾತನ್ನು ಹಿಂದಕ್ಕೆ ತರಲಿಲ್ಲ.

ಆ ಮೂರು ತಿಂಗಳನ್ನು ನಾನು ಎರಡೂ ಕಡೆಯಿಂದ ನೋಡಿದೆ. ರಾಜನ್‌ರ ಬಸ್ಸು ಬೆಳಿಗ್ಗೆ ಹತ್ತೂವರೆಗೆ ವಿರಾಜಪೇಟೆಗೆ ಬಂದು ಅರ್ಧ ಗಂಟೆ ನಿಲ್ಲುತ್ತಿತ್ತು. ಮೊದಲು ಆ ಹೊತ್ತಿಗೆ ನೇರ ಗಲ್ಲಿಗೆ ಬರುತ್ತಿದ್ದವರು ಈಗ ಬಸ್ಸಿನ ಪಕ್ಕದಲ್ಲೇ ನಿಂತು, ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತಿದ್ದರು. ಕಣ್ಣು ಮಾತ್ರ ಗಲ್ಲಿಯ ಬಾಯಿಯಲ್ಲಿ. ನಾನೊಮ್ಮೆ ಅದೇ ಹೊತ್ತಿಗೆ ರವಿಕೆ ಕೊಡಲು ಸುನಂದಾಳ ಅಂಗಡಿಗೆ ಹೋಗಿದ್ದೆ. ಘಾಟಿ ಬಸ್ಸಿನ ಹಾರ್ನ್ ಕೇಳಿಸಿತು. ಅವಳ ಕಾಲು ಪೆಡಲಿನ ಮೇಲೆ ನಿಂತುಹೋಯಿತು. ಮತ್ತೆ ಹಾರ್ನ್ ಹೊಡೆದು ಬಸ್ಸು ಹೊರಡುವ ತನಕ ಅರ್ಧ ಗಂಟೆ ಮೆಷಿನ್ ಓಡಲಿಲ್ಲ. ಬಟ್ಟೆಯನ್ನು ಸುಮ್ಮನೆ ಮಡಿಸುತ್ತಾ, ಬಿಚ್ಚುತ್ತಾ ಕೂತಿದ್ದಳು. ನಮ್ಮವರು ತೀರಿಕೊಂಡು ಆಗ ನಾಲ್ಕು ವರ್ಷವಾಗಿತ್ತು. ಬಾರದವರಿಗೆ ಕಿವಿಗೊಟ್ಟು ಕೂರುವುದು ಹೇಗಿರುತ್ತದೆ ಎಂದು ನನಗೆ ಗೊತ್ತಿತ್ತು. ಅವಳ ಮನುಷ್ಯ ಬಂದು ನಿಂತಿದ್ದರು, ನೂರು ಹೆಜ್ಜೆ ದೂರದಲ್ಲಿ. ನನಗೆ ಅವಳ ಮೇಲೆ ಸಿಟ್ಟೂ ಬಂತು, ನನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು.

ಒಂದು ದಿನ ರಾಜನ್ ಲ್ಯಾಬಿನ ಬಾಗಿಲಿಗೆ ಬಂದರು. ಒಳಗೆ ಬನ್ನಿ ಎಂದರೆ ಬರಲಿಲ್ಲ. ರೋಗಿಯ ವಿಷಯ ಬೇರೆಯವರಿಗೆ ಹೇಳುವಂತಿಲ್ಲ ಎಂದು ನಾನು ಮೊದಲೇ ಹೇಳಿಬಿಟ್ಟೆ.

"ಹೇಳ್ಬೇಡಿ ಚೇಚಿ," ಎಂದರು. ಮಲಯಾಳದಲ್ಲಿ ಅಕ್ಕ ಎನ್ನುವ ಹಾಗೆ ನನ್ನನ್ನು ಕರೆಯುತ್ತಿದ್ದರು. "ಅವಳು ಸರಿಯಾಗಿ ಊಟ ಮಾಡ್ತಾಳಾ, ಅದು ಮಾತ್ರ ಹೇಳಿ. ಸಾಕು."

ಮಾಡುತ್ತಾಳೆ ಎಂದೆ. ಅದು ಸುಳ್ಳು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳುವುದು ನನ್ನ ಕೆಲಸವಾಗಿರಲಿಲ್ಲ. ಹೇಳಿದರೆ ಹೋಗಿಬಿಡುತ್ತಾಳೆ ಎಂದು ಹೆದರಿದ್ದೆ, ಹೇಳದೆ ಇರಲೂ ಆಗಲಿಲ್ಲ ಎಂದರು. ಅವರ ಕೈಯಲ್ಲಿ ಗಾಜು ಒರೆಸುವ ಬಟ್ಟೆ ಇತ್ತು. ಅದನ್ನು ಹಿಂಡುತ್ತಾ ಇಳಿದು ಹೋದರು.

ಅದೇ ದಿನಗಳಲ್ಲಿ ಬಾಳೆಲೆ ಕಡೆಯ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಬಂದು, ನಾಲ್ಕು ದಿನದ ಹಿಂದೆ ಮೈಸೂರಿನಲ್ಲಿ ಗುರುತಿಲ್ಲದ ಹೆಂಗಸಿನ ಜೊತೆ ತಪ್ಪು ನಡೆದುಹೋಯಿತು, ಇರುವ ಪರೀಕ್ಷೆಯನ್ನೆಲ್ಲ ಇವತ್ತೇ ಮಾಡಿಬಿಡಿ ಎಂದು ಹಟ ಹಿಡಿದರು. ಮೊದಲಿನ ನಾನಾಗಿದ್ದರೆ ತೋಳಿಗೆ ಪಟ್ಟಿ ಬಿಗಿಯುತ್ತಿದ್ದೆ. ನೇರ ಮೇಡಂ ಹತ್ತಿರ ಕರೆದುಕೊಂಡು ಹೋದೆ. ಯಾವ ಪರೀಕ್ಷೆ ಈಗ, ಯಾವುದು ಆಮೇಲೆ, ಎಚ್ಐವಿ ತಡೆಯುವ ಯಾವ ಔಷಧಿಗೆ ಮೂರೇ ದಿನದ ಗಡುವು ಇರುತ್ತದೆ ಎಂದೆಲ್ಲ ತಿಳಿದುಕೊಂಡು ಹೊರಬಂದಾಗ ಅವರ ಉಸಿರಾಟ ಸ್ವಲ್ಪ ನಿಧಾನವಾಗಿತ್ತು. ನೀವು ಈ ಕೆಲಸಕ್ಕೆ ಬಂದವರು ಇಷ್ಟು ನೆನಪಿಟ್ಟುಕೊಳ್ಳಿ: ಸೂಜಿ ಚುಚ್ಚುವ ಮೊದಲು, ಈ ರಕ್ತ ಇವತ್ತು ಉತ್ತರ ಹೇಳಬಲ್ಲದೇ ಎಂದು ಯಾರಾದರೂ ಕೇಳಿರಬೇಕು.

ಸುನಂದ ಮಳೆ ಹಿಡಿದ ಮೇಲೆ, ಮೂರು ತಿಂಗಳು ತುಂಬಿ ಒಂದು ವಾರಕ್ಕೆ ಎರಡನೇ ಸಲ ರಕ್ತ ಕೊಟ್ಟಳು. ಈ ಸಲ ಮೇಡಂ ಐಜಿಎಂ ಬರೆಯಲಿಲ್ಲ, ಎರಡು ಜಾತಿಯ ಐಜಿಜಿ ಮಾತ್ರ ಬರೆದರು. ಸುನಂದ ತೋಳು ಮಡಚಿ ಹತ್ತಿ ಒತ್ತಿಕೊಂಡು ಹೊರಟಳು. ರಿಪೋರ್ಟ್ ತೆಗೆದುಕೊಳ್ಳಲು ಬರಲಿಲ್ಲ. ಒಂದು ವಾರ ನೋಡಿ ಅಂಗಡಿಗೆ ಹೋದರೆ ಶಟರ್ ಎಳೆದಿತ್ತು. ಶಾಲೆಯ ಯೂನಿಫಾರಂ ಹೊಲಿಗೆಯ ಕಾಲ. ಟೈಲರ್‌ಗಳಿಗೆ ತಲೆ ಕೆರೆದುಕೊಳ್ಳಲು ಪುರುಸೊತ್ತಿಲ್ಲದ ದಿನಗಳು. ಒಪ್ಪಿಕೊಂಡದ್ದನ್ನೆಲ್ಲ ಹೊಲಿದು ಕೊಟ್ಟು, ಮೆಷಿನ್ ಸಮೇತ ಊರಿಗೆ ಹೋದಳು ಎಂದು ಪಕ್ಕದ ಬಟ್ಟೆ ಅಂಗಡಿಯವರು ಹೇಳಿದರು. ಫೋನು ಸ್ವಿಚ್ ಆಫ್.

ರಿಪೋರ್ಟಿನಲ್ಲಿ ಮೊದಲನೇ ಜಾತಿಯ ನಂಬರು ಮೊದಲಿನಷ್ಟೇ ಇತ್ತು. ಎರಡನೆಯದು ಗೆರೆಗಿಂತ ಬಹಳ ಕೆಳಗೆ ಇಳಿದಿತ್ತು. ಮೇಡಂ ಎರಡು ಸಲ ಓದಿದರು.

"ತಗಲಿಲ್ಲ ಅಂತಲೇ ಹೇಳ್ಬಹುದು. ಈಗ ಇದನ್ನ ಯಾರಿಗೆ ಹೇಳೋದು?"

ಅಂಚೆಯಲ್ಲಿ ಕಳಿಸುವಂತಿಲ್ಲ, ಮನೆಯವರ ಕೈಗೆ ಸಿಕ್ಕಬಹುದು. ರಾಜನ್‌ಗೆ ಹೇಳುವಂತಿಲ್ಲ. ನೋಂದಣಿ ಪುಸ್ತಕದಲ್ಲಿ ಅವಳ ಒಡಹುಟ್ಟಿದ ಅಕ್ಕನ ಊರು ಶನಿವಾರಸಂತೆ ಎಂದಷ್ಟೇ ಇತ್ತು. ಕಕ್ಕಡ ತಿಂಗಳ, ಎಂದರೆ ಜುಲೈ ಆಗಸ್ಟಿನ, ಮಳೆ ಮುಗಿಯುವ ತನಕ ಅವಳೇ ಬಂದಾಳು ಎಂದು ಕಾದೆವು. ಆಮೇಲೆ ಮೇಡಂ ನನಗೆ ಒಂದು ದಿನ ರಜೆ ಬರೆದರು. "ನೀನು ಆಡಿದ ಮಾತನ್ನ ನೀನೇ ಹೋಗಿ ತೆಗ್ದು ಬಾ," ಎಂದರು.

ಮಡಿಕೇರಿ, ಸೋಮವಾರಪೇಟೆ ದಾಟಿ ಶನಿವಾರಸಂತೆ ತಲುಪುವಾಗ ಹೊತ್ತು ನೆತ್ತಿಗೆ ಬಂದಿತ್ತು. ಸಂತೆಯ ದಿನ. ಹಸಿಮೆಣಸಿನ ಮೂಟೆಗಳ ನಡುವೆ ನಿಂತು, ವಿರಾಜಪೇಟೆಯಿಂದ ಬಂದ ಟೈಲರ್ ಎಲ್ಲಿದ್ದಾರೆ ಎಂದು ಕೇಳಿದೆ. ಮೂರನೆಯವರೇ ತೋರಿಸಿಕೊಟ್ಟರು. ಸಂತೆ ಮಾಳದ ಹಿಂದೆ ಅಕ್ಕನ ಮನೆಯ ಜಗಲಿಯಲ್ಲಿ ಅವಳು ಮೆಷಿನ್ ಇಟ್ಟುಕೊಂಡಿದ್ದಳು. ಬಡವಾಗಿದ್ದಳು. ನನ್ನನ್ನು ನೋಡಿ ಎದ್ದು ನಿಂತವಳು, ಅಕ್ಕನಿಗೆ ಕೇಳಿಸುವ ಹಾಗೆ, ಅಳತೆ ರವಿಕೆ ತಂದಿದ್ದೀರಾ ಎಂದಳು. ಇಬ್ಬರೂ ಮಾಳದ ಅಂಚಿಗೆ ನಡೆದು, ಮುಚ್ಚಿದ ಒಂದು ಅಂಗಡಿಯ ಸೂರಿನ ಕೆಳಗೆ ನಿಂತೆವು.

ಕಾಗದ ಕೊಟ್ಟೆ. ಮೇಡಂ ಹೇಳಿದ್ದನ್ನೆಲ್ಲ ಒಂದೊಂದಾಗಿ ಹೇಳಿದೆ. ಅವತ್ತು ಕಿಟಕಿಯಲ್ಲಿ ಆಡಿದ ಮಾತು ನನ್ನ ತಪ್ಪು, ಆ ಶಬ್ದಕ್ಕೆ ಅಷ್ಟು ಅರ್ಥ ಇರಲಿಲ್ಲ ಎಂದೂ ಹೇಳಿದೆ. ಅವಳು ಕಾಗದವನ್ನು ಮೊದಲಿನ ಹಾಗೆಯೇ ನಾಲ್ಕು ಮಡಿಕೆ ಮಾಡಿದಳು.

"ನಿಮ್ಮ ಮಾತಿಗೆ ಹೆದರಿದ್ದು ನಿಜ ಅಕ್ಕ," ಎಂದಳು. "ಊರು ಬಿಟ್ಟಿದ್ದು ಅದಕ್ಕಲ್ಲ. ಅವ್ರು ಮೊದ್ಲು ಹೇಳ್ಬೇಕಿತ್ತು. ಆಮೇಲೆ ಹೇಳಿದ್ರು. ಅದು ಯಾವ ರಕ್ತ ಪರೀಕ್ಷೆಲೂ ಬರಲ್ಲ."

ಅಷ್ಟು ದೂರ ಹೊತ್ತು ತಂದ ಒಳ್ಳೆಯ ಸುದ್ದಿ ಅವಳ ಕೈಯಲ್ಲಿ ಹಾಗೇ ಇತ್ತು. ಬಸ್ ಸ್ಟ್ಯಾಂಡಿನ ತನಕ ನನ್ನ ಚೀಲ ಹಿಡಿದುಕೊಂಡು ಬಂದಳು. ಬಸ್ಸು ಹತ್ತುವ ಮೊದಲು, ಅವರು ಚೆನ್ನಾಗಿದ್ದಾರಾ ಎಂದು ಕೇಳಿದಳು. ಸೊರಗಿದ್ದಾರೆ ಎಂದೆ. ಕಂಡಕ್ಟರ್ ಸೀಟಿ ಊದಿದಾಗ ಅವಳು ಕಿಟಕಿಯ ಕಂಬಿ ಹಿಡಿದು ಹತ್ತಿರ ಬಂದಳು.

"ಪೇಪರ್ ವಿಚಾರ ಅವ್ರಿಗೆ ಹೇಳ್ಬೇಡಿ ಅಕ್ಕ. ಇದೆ ಅಂತಾನೂ ಬೇಡ, ಇಲ್ಲ ಅಂತಾನೂ ಬೇಡ. ನಾನು ಎಲ್ಲಿದ್ದೀನಿ ಅಂತ ಮಾತ್ರ ಹೇಳಿ."

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇನೆ. ಮರುವರ್ಷ ಸುನಂದ, ರಾಜನ್ ರಿಜಿಸ್ಟರ್ ಮದುವೆಯಾದರು. ಅದಕ್ಕೆ ಮೊದಲು ಇಬ್ಬರೂ ಒಟ್ಟಿಗೆ ಬಂದು ಮೇಡಂ ಎದುರು ಕೂತು ಹೋದರು. ರಾಜನ್ ಈಗ ದಿನವೂ ಮಾತ್ರೆ ತೆಗೆದುಕೊಳ್ಳುತ್ತಾರೆ, ಸೋಮವಾರಪೇಟೆ ಕಡೆಯ ಬಸ್ಸು ಓಡಿಸುತ್ತಾರೆ. ಇದನ್ನೆಲ್ಲ ಹೆಸರು ಬದಲಾಯಿಸಿ ಬರೆಯಲೇ ಎಂದು ಸುನಂದಾಳಿಗೆ ಫೋನ್ ಮಾಡಿದಾಗ, ಬರೆಯಿರಿ ಅಕ್ಕ, ಯಾರಿಗಾದರೂ ಬೇಕಾದೀತು ಎಂದಳು. ಮೇಡಂ ನಾನು ನಿವೃತ್ತಳಾಗುವ ಹಿಂದಿನ ವರ್ಷ ತೀರಿಕೊಂಡರು. ಅವರ ಹಾಗೆ ಎರಡು ಸಲ ಓದುವವರನ್ನು ಆಮೇಲೆ ನಾನು ಕಾಣಲಿಲ್ಲ.

ಮೂವತ್ತಮೂರು ವರ್ಷದಲ್ಲಿ ಒಂದೇ ಒಂದು ದಿನ ವಾಪಸ್ ಸಿಗುತ್ತದೆ ಎಂದರೆ, ಶನಿವಾರಸಂತೆಯಿಂದ ಬಂದ ಮೇಲಿನ ಸೋಮವಾರವನ್ನು ಕೇಳಿ ತೆಗೆದುಕೊಳ್ಳುತ್ತೇನೆ. ಹತ್ತೂವರೆಗೆ ಬಿಳಿ ಕೋಟಿನಲ್ಲೇ ಬಸ್ ಸ್ಟ್ಯಾಂಡಿಗೆ ಹೋದೆ. ರಾಜನ್ ಆಗಷ್ಟೇ ಸೀಟಿನಿಂದ ಇಳಿಯುತ್ತಿದ್ದರು. ಸುನಂದ ಅಕ್ಕನ ಮನೆಯಲ್ಲಿದ್ದಾಳೆ, ಶನಿವಾರಸಂತೆ, ಸಂತೆ ಮಾಳದ ಹಿಂದೆ ಎಂದೆ. ಅವರು ಬಸ್ಸಿನ ಬಾಗಿಲು ಹಿಡಿದುಕೊಂಡು ನಿಂತರು. ಅವರು ಏನು ಕೇಳುತ್ತಾರೆ ಎಂದು ನನಗೆ ಗೊತ್ತಿತ್ತು. ಅದನ್ನು ಮಾತ್ರ ಹೇಳಲಾರೆ ಎನ್ನುವ ಉತ್ತರವನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ.

"ನೀವು ನೋಡಿ ಬಂದ್ರಾ, ಚೇಚಿ?" ಎಂದರು.

ಹೌದೆಂದೆ.

"ಅಲ್ಲಿಗೆ ಮಡಿಕೇರಿ ಮೇಲೆ ಹೋಗೋದಾ?"

ಮಡಿಕೇರಿಯಲ್ಲಿ ಇಳಿದು ಸೋಮವಾರಪೇಟೆ ಬಸ್ಸು ಹಿಡಿಯಬೇಕು ಎಂದು ಹೇಳಿದೆ. ಅವರು ಅದನ್ನೇ ತಮ್ಮೊಳಗೆ ಇನ್ನೊಮ್ಮೆ ಹೇಳಿಕೊಂಡರು. ಬಸ್ಸಿನ ಬೀಗದ ಕೈಯನ್ನು ಕಂಡಕ್ಟರನ ಕೈಗೆ ಕೊಟ್ಟು, ಮಾಲೀಕರಿಗೆ ಫೋನ್ ಮಾಡಿ ಬೇರೆ ಡ್ರೈವರನ್ನು ಕರೆಸಲು ಹೇಳಿದರು. ಮಡಿಕೇರಿಯ ಬಸ್ಸು ಆ ಬದಿಯಲ್ಲಿ ಹೊರಡುವುದರಲ್ಲಿತ್ತು. ಓಡಿ ಹೋಗಿ ಹತ್ತಿದರು. ರಿಪೋರ್ಟಿನಲ್ಲಿ ಏನು ಬಂತು ಎಂದು ಅವರು ಕೇಳಲಿಲ್ಲ.